ತಾಂಡಾದ ಮಕ್ಕಳು ವಿಶ್ವವಿದ್ಯಾಲಯದವರೆಗೆ ಓದಬೇಕೆಂದರೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ವಿಜಯಪುರ ಜಿಲ್ಲೆ
ನಾನು ಇಂಡಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿಗೆ ಬರುವ ಲಂಬಾಣಿ ತಾಂಡಾದ ಮಕ್ಕಳಲ್ಲಿ ಅನೇಕರ ತಂದೆತಾಯಿ ದಸರೆ ಮುಗಿದೊಡನೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕಟ್ಟಡದ ಕೆಲಸಕ್ಕೆ ಗೋವಾಕ್ಕೋ ಗುಳೆ ಹೋಗುತ್ತಾರೆ. ಅಜ್ಜಿಯ ಬಳಿ ಉಳಿಯುವ ಮಕ್ಕಳು ಚೆನ್ನಾಗಿಯೇ ಓದುತ್ತಾರಾದರೂ, ಮುಂದೇನು ಎಂದು ಕೇಳಿದರೆ ಅವರ ಮಾತು ಎಸ್ಸೆಸ್ಸೆಲ್ಸಿಯನ್ನು ದಾಟುವುದಿಲ್ಲ. ಪದವಿ ತಮ್ಮಂಥವರಿಗೂ ದಕ್ಕುತ್ತದೆ ಎಂಬ ನಂಬಿಕೆ ಅವರಲ್ಲಿ ಮೂಡಲು ಶಾಲೆಯಲ್ಲಿ ಏನು ಮಾಡಬಹುದು?

ಉತ್ತರ: ಪದವಿ ಕಾಲೇಜಿನ ಉಪನ್ಯಾಸಕ, ಬಾಗಲಕೋಟೆ
ಎಂಟನೆಯ ತರಗತಿಯಲ್ಲಿಯೇ ಆರಂಭಿಸಿ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್ಎಂಎಂಎಸ್ ಪರೀಕ್ಷೆಯನ್ನು ಆ ವರ್ಷವೇ ಬರೆಯಬೇಕು. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುವುದರಿಂದ, ಹತ್ತಕ್ಕೇ ಓದು ಬಿಡಿಸಬೇಕೆಂದಿರುವ ಮನೆಯವರೂ ಒಮ್ಮೆ ಯೋಚಿಸುತ್ತಾರೆ. ಇನ್ನೊಂದು ವಿಷಯವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು: ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಸಿಇಟಿ ಮೂಲಕ ಸಿಗುವ ಸೀಟುಗಳಲ್ಲಿ ಮೀಸಲಾತಿ ಇದೆ. ತಮ್ಮ ಕೊರತೆಯೆಂದು ಅವರು ಭಾವಿಸಿರುವ ಹಳ್ಳಿಯ ಶಾಲೆಯೇ ಅಲ್ಲಿ ಅರ್ಹತೆಯಾಗುತ್ತದೆ. ನಡುವೆ ಶಾಲೆ ಬದಲಿಸಿದವರ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಸಂಗ್ರಹಿಸಿಡಿ.

ಉತ್ತರ: ಮಹಿಳಾ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿನಿ, ವಿಜಯಪುರ
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಹುಡುಗಿಯರ ವಿಷಯದಲ್ಲಿ ಹಣಕ್ಕಿಂತ ಮೊದಲು ಏಳುವ ಪ್ರಶ್ನೆ, ಮಗಳು ಎಲ್ಲಿ ಉಳಿಯುತ್ತಾಳೆ ಎಂಬುದು. 2003ರಲ್ಲಿ ಸ್ಥಾಪನೆಯಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಮ್ಮ ತೊರವಿಯಲ್ಲಿಯೇ ಇದ್ದರೂ ಸುತ್ತಲಿನ ಎಷ್ಟೋ ತಾಯಂದಿರು ಅದರ ಗೇಟು ದಾಟಿಲ್ಲ. ಅನುಮತಿ ಪಡೆದು ಮಕ್ಕಳ ಜೊತೆ ತಾಯಂದಿರನ್ನೂ ಕರೆದೊಯ್ಯಿರಿ. ತರಗತಿಗಳಿಗಿಂತ ಹಾಸ್ಟೆಲನ್ನೇ ನಿಧಾನವಾಗಿ ತೋರಿಸಿ, ಅಲ್ಲಿರುವ ಹುಡುಗಿಯರೊಡನೆ ಅವರೇ ಮಾತನಾಡಲಿ. ತಾಂಡಾದ ಮಕ್ಕಳು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ಅರ್ಜಿ ಹಾಕಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆ ಹಣದ ನೆರವು ಕೊಡುವ ವಿದ್ಯಾಸಿರಿ ಯೋಜನೆಯಿದೆ. ಇದೆಲ್ಲ ಪಾಲಕರು ಗುಳೆ ಹೋಗುವ ಮೊದಲೇ ನಡೆಯಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೂ ಅದೇ ಸಮಯ, ಏಕೆಂದರೆ ಅವರು ಊರಲ್ಲಿಲ್ಲದಾಗ ಅಜ್ಜಿಯೊಬ್ಬಳೇ ನಾಡಕಚೇರಿಗೆ ಅಲೆಯುವುದು ಕಷ್ಟ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಈ ವರ್ಷದ ಪಾಲಕರ ಸಭೆಯನ್ನು ದಸರೆಗೆ ಮೊದಲೇ, ತಾಂಡಾದಲ್ಲಿಯೇ ನಡೆಸಲು ಮುಖ್ಯೋಪಾಧ್ಯಾಯರನ್ನು ಕೇಳುತ್ತೇನೆ. ತಾಂಡಾದಿಂದಲೇ ಹೋಗಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿಯೋ ತೊರವಿಯಲ್ಲಿಯೋ ಓದುತ್ತಿರುವವರು ಯಾರಾದರೂ ಆ ಸಭೆಗೆ ಬಂದು ಲಂಬಾಣಿ ಭಾಷೆಯಲ್ಲಿ ಮಾತನಾಡಬಲ್ಲಿರಾದರೆ ದಯವಿಟ್ಟು ಇಲ್ಲಿಯೇ ತಿಳಿಸಿ.