ರಾತ್ರಿಯಿಡೀ 50 ಸೆಕೆಂಡಿನ ಅಲೆ: ಭೂಕಂಪದ ಮುನ್ಸೂಚನೆಯೋ, ಸಲಕರಣೆಯ ದೋಷವೋ?

ಮಣ್ಣಿನಕಿವಿ:
ಮೂರು ರಾತ್ರಿಗಳಿಂದ ನನ್ನ ಫ್ಲಕ್ಸ್‌ಗೇಟ್ ಕಾಂತಮಾಪಕದಲ್ಲಿ ಸುಮಾರು 2 ನ್ಯಾನೋಟೆಸ್ಲಾ ಎತ್ತರದ ನಿಧಾನವಾದ ಅಲೆಯೊಂದು ಕಾಣಿಸುತ್ತಿದ್ದು, ಅದರ ಮೂಲ ತಿಳಿಯದೆ ತಲೆ ಚಿಟ್ಟುಹಿಡಿದಿದೆ. ಅಲೆಯ ಅವಧಿ ಹೆಚ್ಚಾಗಿ 50 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಕೆಲವೊಮ್ಮೆ 30ಕ್ಕೆ ಇಳಿದು, ಮತ್ತೆ ಹಿಗ್ಗಿ, ಒಮ್ಮೊಮ್ಮೆ ಉಸಿರು ಹಿಡಿದಂತೆ ಚಪ್ಪಟೆಯಾಗುತ್ತದೆ. ಹಗಲಿನಲ್ಲಿ ಗದ್ದಲವೇ ಹೆಚ್ಚಾಗಿ ಏನೂ ತಿಳಿಯುವುದಿಲ್ಲ. ಸೆನ್ಸರನ್ನು ಒಂದು ಮೀಟರ್ ಆಳಕ್ಕೆ ಹೂತಿದ್ದೇನೆ, ಕೇಬಲ್ ಬದಲಿಸಿದ್ದೇನೆ, ಬ್ಯಾಟರಿಯಿಂದಲೇ ನಡೆಸುತ್ತಿದ್ದೇನೆ. ಕ್ಯಾಲಿಫೋರ್ನಿಯಾದ 1989ರ ಲೋಮಾ ಪ್ರಿಯೆಟಾ ಭೂಕಂಪಕ್ಕೆ ಮುಂಚೆ ಅಲ್ಲಿನ ಕೊರಲಿಟೋಸ್‌ನಲ್ಲಿ ದಾಖಲಾದದ್ದೂ 0.01 ಹರ್ಟ್ಸ್ (100 ಸೆಕೆಂಡಿಗೊಂದು ಅಲೆ) ಆಸುಪಾಸಿನ ಸಂಕೇತವೇ ಅಲ್ಲವೇ? ಇದನ್ನು ಯಾರಿಗಾದರೂ ತಿಳಿಸಬೇಕೋ ಅಥವಾ ಪೆಟ್ಟಿಗೆಯನ್ನು ನಾಲ್ಕನೆಯ ಸಲ ಬಿಚ್ಚಬೇಕೋ, ದಯವಿಟ್ಟು ಹೇಳಿ.

ಸೌರಮಾರುತ:
ಮೊದಲು ಕೆಪಿ ಸೂಚ್ಯಂಕವನ್ನು ನೋಡಿ, ಸೂರ್ಯನಿಂದ ಭೂಕಾಂತಕ್ಷೇತ್ರದಲ್ಲಾಗುವ ಏರುಪೇರನ್ನು 0ರಿಂದ 9ರವರೆಗೆ ಅಳೆಯುವುದು ಅದೇ. ಇಂತಹ ಹತ್ತು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ಉತ್ತರ ಸೂರ್ಯನಲ್ಲಿರುತ್ತದೆ, ಭೂಮಿಯೊಳಗಲ್ಲ.

ಮಣ್ಣಿನಕಿವಿ:
ನೋಡಿಯೇ ಬರೆದಿದ್ದೇನೆ. ಮೂರೂ ರಾತ್ರಿ ಕೆಪಿ 1ನ್ನು ದಾಟಿಲ್ಲ.

ಸೌರಮಾರುತ:
ಕೆಪಿ ಮೂರು ಗಂಟೆಗಳ ಒಟ್ಟು ಅಂದಾಜು. ಅದು ಕಡಿಮೆಯಿದ್ದಾಗಲೂ ಭೂಕಾಂತಕ್ಷೇತ್ರದಲ್ಲಿ ಸ್ಪಂದನಗಳು ಬರಬಹುದು. ಪಿಐ2 ಎಂದು ಕರೆಯುವ ರಾತ್ರಿಯ ಸ್ಪಂದನಗಳ ಅವಧಿ 40ರಿಂದ 150 ಸೆಕೆಂಡು, ಅಂದರೆ ನಿಮ್ಮ ಅಲೆ ಅದರೊಳಗೇ ಬೀಳುತ್ತದೆ. ನನಗೆ ಇನ್ನು ಅನುಮಾನವೇ ಉಳಿದಿಲ್ಲ.

ಎರಡನೇ_ಓದು:
ಪಿಐ2 ಸ್ಪಂದನವು ಒಮ್ಮೆಲೇ ಎದ್ದು ಕೆಲವೇ ನಿಮಿಷಗಳಲ್ಲಿ ಕುಗ್ಗಿಹೋಗುತ್ತದೆ. ಅದು ಬೆಳಗಿನವರೆಗೆ ಎಡೆಬಿಡದೆ ನಡೆಯುವುದಿಲ್ಲ. ನಿಮ್ಮ ಊಹೆ ಸರಿಯಿದ್ದರೆ ಅದೇ ಅಲೆ ಹತ್ತಿರದ ಭೂಕಾಂತ ವೀಕ್ಷಣಾಲಯದಲ್ಲೂ ಇರಬೇಕು. ಮಣ್ಣಿನಕಿವಿ ಅವರು ಇಂಟರ್‌ಮ್ಯಾಗ್ನೆಟ್‌ನ (ಇಂತಹ ವೀಕ್ಷಣಾಲಯಗಳ ಜಾಗತಿಕ ಜಾಲ) ದತ್ತಾಂಶದೊಂದಿಗೆ ಹೋಲಿಸಿ ನೋಡಲಿ, ಆದರೆ ನಿಮಿಷಕ್ಕೊಂದರಂತೆ ಇರುವುದು ಇಲ್ಲಿ ಪ್ರಯೋಜನವಿಲ್ಲ, ಸೆಕೆಂಡಿಗೊಂದರ ದತ್ತಾಂಶವೇ ಬೇಕು.

ಕೊರಲಿಟೋಸ್ ವಿಚಾರಕ್ಕೂ ಒಂದು ಮಾತು. ಫ್ರೇಸರ್-ಸ್ಮಿತ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಆ ದಾಖಲೆ, ಅಧಿಕೇಂದ್ರದಿಂದ 7 ಕಿಲೋಮೀಟರ್ ದೂರದಲ್ಲಿದ್ದ ಒಂದೇ ಒಂದು ಸೆನ್ಸರಿನದು. 2009ರಲ್ಲಿ ಥಾಮಸ್, ಲವ್ ಮತ್ತು ಜಾನ್ಸ್ಟನ್ ಅವರು 21 ತಿಂಗಳ ದತ್ತಾಂಶವನ್ನೂ ಆ ಕೇಂದ್ರದ ದಿನಚರಿ ಪುಸ್ತಕವನ್ನೂ ಮತ್ತೆ ಓದಿ, ಜಪಾನಿನ ಸೆಕೆಂಡಿಗೊಂದರ ದತ್ತಾಂಶದೊಂದಿಗೆ ಹೋಲಿಸಿ, ಅದು ಭೂಕಂಪದ್ದಲ್ಲ, ಸಲಕರಣೆಯ ದೋಷ ಎಂಬ ತೀರ್ಮಾನಕ್ಕೆ ಬಂದರು.

ಸುರುಳಿ_ಸಾವಿರ:
ಒಂದು ಲೇಖನ ಬಂದ ಮಾತ್ರಕ್ಕೆ ಇಡೀ ವಿಷಯವನ್ನೇ ಮುಚ್ಚಿಡುವುದು ನ್ಯಾಯವಲ್ಲ. ಜಪಾನಿನ ಕೋಬೆ ಭೂಕಂಪದ ಮುಂಚೆ ವಿಎಲ್ಎಫ್ (ಅತಿ ಕಡಿಮೆ ಆವರ್ತನದ ರೇಡಿಯೋ) ಸಂಕೇತಗಳಲ್ಲಿ ಬದಲಾವಣೆ ಕಂಡಿತ್ತೆಂದು ಅಲ್ಲಿನ ವಿಜ್ಞಾನಿ ಹಯಕಾವಾ ಅವರು ತೋರಿಸಿದ್ದಾರೆ. ನಾನು ಪರ್ಮಲಾಯ್ (ನಿಕಲ್-ಕಬ್ಬಿಣದ ಮಿಶ್ರಲೋಹ) ತಿರುಳಿನ ಮೇಲೆ 60,000 ಸುತ್ತಿನ ಸುರುಳಿಯನ್ನು ಕೈಯಿಂದಲೇ ಸುತ್ತಿದ್ದು, ಮಿಂಚುಗಳಿಂದ ಭೂಮಿಯ ಸುತ್ತ ಏಳುವ ಶೂಮನ್ ಅನುರಣನದ 7.8 ಹರ್ಟ್ಸ್ ಗೆರೆ ಅದರಲ್ಲಿ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತದೆ. ಫ್ಲಕ್ಸ್‌ಗೇಟ್ ಬಿಟ್ಟು ಸುರುಳಿಗೆ ಬನ್ನಿ.

ಎರಡನೇ_ಓದು:
ಸುರುಳಿ ಚೆನ್ನಾಗಿಯೇ ಇರಬಹುದು, ಆದರೆ ಅದರ ವೋಲ್ಟೇಜು ಆವರ್ತನ ಇಳಿದಂತೆಲ್ಲ ಇಳಿಯುವುದರಿಂದ 0.02 ಹರ್ಟ್ಸ್‌ನಲ್ಲಿ ಕಡ್ಡಿ ಅಲ್ಲಾಡಿಸುವುದೂ ಕಷ್ಟ. ಹಯಕಾವಾ ಅವರ ಕೆಲಸವೂ ನೆಲದೊಳಗಿಂದ ಬಂದ ಅಲೆಯ ಕುರಿತಾದದ್ದಲ್ಲ. ದೂರದ ಪ್ರಸಾರ ಕೇಂದ್ರದ ಸಂಕೇತ ವಾತಾವರಣದ ಮೇಲ್ಪದರವಾದ ಅಯಾನುಗೋಳದಡಿ ಸಾಗುವಾಗ ಆಗುವ ವ್ಯತ್ಯಾಸವನ್ನು ಅವರು ನೋಡಿದ್ದು. 100 ಓಮ್-ಮೀಟರ್ ರೋಧಕತೆಯ ಬಂಡೆಯಲ್ಲಿ 0.01 ಹರ್ಟ್ಸ್ ಅಲೆ 50 ಕಿಲೋಮೀಟರ್ ಸಾಗಿದ ಮೇಲೆ ಎಷ್ಟು ಕುಗ್ಗುತ್ತದೋ, ವಿಎಲ್ಎಫ್ ವ್ಯಾಪ್ತಿಯ 10 ಕಿಲೋಹರ್ಟ್ಸ್ ಅಲೆ 50 ಮೀಟರಿಗೇ ಅಷ್ಟು ಕುಗ್ಗುತ್ತದೆ, ಹಾಗಾಗಿ ಅದು ಆಳದಿಂದ ಮೇಲೆ ಬರಲಾರದು.

ಸುರುಳಿ_ಸಾವಿರ:
ನನ್ನ ಸುರುಳಿಯನ್ನು ನೋಡದೆಯೇ ತೀರ್ಪು ಕೊಟ್ಟಿದ್ದಕ್ಕೆ ಧನ್ಯವಾದಗಳು.

ಸೌರಮಾರುತ:
ಪಿಐ2 ಇಲ್ಲದಿದ್ದರೆ ಪಿಸಿ4 (ಎಡೆಬಿಡದೆ ನಡೆಯುವ ಬಗೆಯ ಸ್ಪಂದನ) ಇರಬಹುದೆಂದು ಈಗ ಅನ್ನಿಸುತ್ತಿದೆ.

ಮಣ್ಣಿನಕಿವಿ:
ವೀಕ್ಷಣಾಲಯದ ಸೆಕೆಂಡಿನ ದತ್ತಾಂಶವನ್ನು ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಆ ಅಲೆಯ ಸುಳಿವೇ ಇಲ್ಲ. ಅಂದಮೇಲೆ ಇದು ನನ್ನ ಕಾಲ ಕೆಳಗಿನಿಂದಲೇ ಬರುತ್ತಿದೆ ಎಂದಾಯಿತಲ್ಲ?

ಎರಡನೇ_ಓದು:
ಇಲ್ಲ, ಅದು ಸ್ಥಳೀಯ ಎಂದಷ್ಟೇ ಆಯಿತು. ಮೊದಲೇ ಕೇಳಬೇಕಿತ್ತು: ಸೆಕೆಂಡಿಗೆ ಎಷ್ಟು ಮಾಪನ ತೆಗೆಯುತ್ತಿದ್ದೀರಿ? ಎಡಿಸಿ (ಸಂಕೇತವನ್ನು ಅಂಕಿಗಳಾಗಿ ಬದಲಿಸುವ ಭಾಗ) ಯಾವ ವೇಗದಲ್ಲಿದೆ? ಅದರ ಮುಂದೆ ಫಿಲ್ಟರ್ ಏನಿದೆ?

ಮಣ್ಣಿನಕಿವಿ:
ಇದು ಹೇಳಬೇಕಾದ ಸಂಗತಿಯೆಂದು ಅನ್ನಿಸಿರಲಿಲ್ಲ. ಎಡಿಸಿಯನ್ನು ಸೆಕೆಂಡಿಗೆ 1000 ಮಾಪನದ ವೇಗಕ್ಕೆ ಹೊಂದಿಸಿ, ಬ್ಯಾಟರಿ ಉಳಿಯಲೆಂದು ಪ್ರತಿ ಸೆಕೆಂಡಿಗೆ ಒಮ್ಮೆ ಮಾತ್ರ ಎಬ್ಬಿಸಿ ಒಂದೇ ಮಾಪನ ತೆಗೆದು ಮಲಗಿಸುತ್ತೇನೆ. ಫಿಲ್ಟರ್ ಇಲ್ಲ; ನಿಧಾನದ ಸಂಕೇತಕ್ಕೆ ಅದು ಯಾಕೆ ಬೇಕು?

ಎರಡನೇ_ಓದು:
ಕಳ್ಳ ಸಿಕ್ಕಿಬಿದ್ದ. ನಿಮ್ಮ ಪೆಟ್ಟಿಗೆ ಬ್ಯಾಟರಿಯಲ್ಲಿ ನಡೆದರೂ ಸುತ್ತಲಿನ ವಿದ್ಯುತ್ ತಂತಿಗಳ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಫ್ಲಕ್ಸ್‌ಗೇಟ್ ಗ್ರಹಿಸುತ್ತಲೇ ಇರುತ್ತದೆ. ಗ್ರಿಡ್ಡಿನ ಆವರ್ತನ ಸರಿಯಾಗಿ 50 ಇದ್ದರೆ, ಸೆಕೆಂಡಿಗೊಮ್ಮೆ ಇಣುಕುವ ನಿಮಗೆ ಅಲೆಯ ಅದೇ ಬಿಂದು ಕಾಣುತ್ತದೆ, ಆಗ ಗೆರೆ ಚಪ್ಪಟೆ. ಅದು 49.98ಕ್ಕೆ ಇಳಿದರೆ ಪ್ರತಿ ಇಣುಕಿಗೂ ಬಿಂದು ಸ್ವಲ್ಪ ಹಿಂದೆ ಸರಿದು, 50 ಸೆಕೆಂಡಿನ ಸುಳ್ಳು ಅಲೆ ಹುಟ್ಟುತ್ತದೆ, 49.97 ಆದರೆ 33 ಸೆಕೆಂಡಿನದು. ಇದೇ ಏಲಿಯಾಸಿಂಗ್. ನೀವು ಹೇಳಿದ ಆ ಉಸಿರಾಟ ಬಂಡೆಯದಲ್ಲ, ಗ್ರಿಡ್ಡಿನದು. ಕಂಪ್ಯೂಟರಿನಲ್ಲಿ ಆಮೇಲೆ ಎಷ್ಟೇ ಫಿಲ್ಟರ್ ಹಾಕಿದರೂ ಇದು ಹೋಗುವುದಿಲ್ಲ, ಏಕೆಂದರೆ ದಾಖಲಾಗುವ ಹೊತ್ತಿಗೇ ಅದು ನಿಜವಾದ ಅಲೆಯೊಂದಿಗೆ ಬೆರೆತುಹೋಗಿರುತ್ತದೆ. ಒಂದು ರಾತ್ರಿ ಬ್ಯಾಟರಿಯ ಆಸೆ ಬಿಟ್ಟು ಸೆಕೆಂಡಿಗೆ 200 ಮಾಪನ ತೆಗೆದು ನೋಡಿ.

ಮಣ್ಣಿನಕಿವಿ:
ನಿನ್ನೆ ರಾತ್ರಿ ನೋಡಿದೆ. ವರ್ಣಪಟಲದಲ್ಲಿ 50 ಹರ್ಟ್ಸ್‌ನಲ್ಲಿ ಸೂಜಿಯಂತಹ ಗೆರೆ ನಿಂತಿದೆ, ಎತ್ತರ ಸರಿಯಾಗಿ 2 ನ್ಯಾನೋಟೆಸ್ಲಾ. 200 ಮಾಪನಗಳ ಸರಾಸರಿ ತೆಗೆದಾಗ 50 ಸೆಕೆಂಡಿನ ಅಲೆ ಮಾಯವಾಯಿತು. ಒಂದು ವಾರದ ನಿದ್ದೆ ಹಾಳಾದದ್ದಕ್ಕೆ ನನ್ನನ್ನೇ ಬೈದುಕೊಳ್ಳಬೇಕು.

ಸೌರಮಾರುತ:
ಆದರೂ ಪಿಸಿ4 ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಬೇಡಿ.

ಮಣ್ಣಿನಕಿವಿ:
ಅಲೆ ಹೋದ ಮೇಲೆ ಇನ್ನೊಂದು ಕಾಣಿಸುತ್ತಿದೆ. ಸಂಜೆ ಆರೂಕಾಲಿನ ಹೊತ್ತಿಗೆ ಗೆರೆ ಒಮ್ಮೆಲೇ ಸುಮಾರು 10 ನ್ಯಾನೋಟೆಸ್ಲಾ ಮೆಟ್ಟಿಲಿನಂತೆ ಏರಿ, ಬೆಳಗ್ಗೆ ಎಂಟರ ಹೊತ್ತಿಗೆ ಅಷ್ಟೇ ಇಳಿಯುತ್ತದೆ. ವೀಕ್ಷಣಾಲಯದಲ್ಲಿ ಇದೂ ಇಲ್ಲ. ಭಾನುವಾರ ಮಾತ್ರ ಈ ಮೆಟ್ಟಿಲು ಬರಲಿಲ್ಲ.

ಎರಡನೇ_ಓದು:
ಪಕ್ಕದ ಮನೆಯವರು ಕಾರನ್ನು ಎಲ್ಲಿ ನಿಲ್ಲಿಸುತ್ತಾರೆ?