ಸಹಾಯ ಬೇಕು: ಮೊಟ್ಟೆ ಇಲ್ಲದೆ 125 ಗ್ರಾಂ ಪ್ರೋಟೀನ್, 2000 ಕ್ಯಾಲರಿ ಒಳಗೆ

ದಾವಣಗೆರೆ ಕಡೆ ಜಿಮ್ ಟ್ರೈನರ್‌ಗಳು, ಡಯಟ್ ಲೆಕ್ಕ ಗೊತ್ತಿರೋರು ಸ್ವಲ್ಪ ನೋಡಿ ಹೇಳಿ.

ನಮ್ಮ ಹುಡುಗ 78 ಕೆಜಿ, 5 ಅಡಿ 8 ಇಂಚು, ಶುದ್ಧ ಸಸ್ಯಾಹಾರಿ. ಸುಮಾರು 2400 ಕ್ಯಾಲರಿಗೆ ತೂಕ ಏರಲ್ಲ, ಇಳಿಯಲ್ಲ. ಕೊಬ್ಬು ಇಳಿಸೋಕೆ ಅದಕ್ಕಿಂತ 400 ಕಡಿಮೆ ಮಾಡಿದೀವಿ. ಇನ್ನೂ ಇಳಿಸಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಕರಗುತ್ತೆ, ಅದು ಬೇಡ. ಕೆಜಿಗೆ 1.6 ಗ್ರಾಂನಂತೆ ಪ್ರೋಟೀನ್ 125 ಗ್ರಾಂ ಬೇಕು.

ಈಗ ಸಿಗ್ತಿರೋದು: 50 ಗ್ರಾಂ ಒಣ ಸೋಯಾ ಚಂಕ್ಸ್‌ನಿಂದ 26, 100 ಗ್ರಾಂ ಪನೀರ್‌ನಿಂದ 18, ಅರ್ಧ ಲೀಟರ್ ಹಾಲಿಂದ 16, ಜೋಳದ ರೊಟ್ಟಿ, ಬೇಳೆ, ಕಾಳುಪಲ್ಯ ಸೇರಿ 35. ಇನ್ನೂ 30 ಬೇಕು. ಸೋಯಾ ಜಾಸ್ತಿ ಮಾಡಿದ್ರೆ ಹೊಟ್ಟೆ ಉಬ್ಬರಿಸುತ್ತೆ. ಪನೀರ್ ಜಾಸ್ತಿ ಮಾಡಿದ್ರೆ ಕೊಬ್ಬು ಬಂದು ಕ್ಯಾಲರಿ ಮೀರುತ್ತೆ. ವೇ ಪ್ರೋಟೀನ್ ಅಂದ್ರೆ ಮನೇಲಿ 'ಡಬ್ಬಿ ಪೌಡರ್ ಬೇಡ' ಅಂತಾರೆ. ಅದೂ ಹಾಲಿಂದಲೇ ಬರೋದು ಅಂದ್ರೆ ಯಾರು ಕೇಳ್ತಾರೆ!

ಭಾನುವಾರದ ಬೆಣ್ಣೆದೋಸೆ ಬಿಡಿಸಿಲ್ಲ, ಬಿಡಿಸೋಕೂ ಆಗಲ್ಲ. ಆದ್ರೆ ಒಂದು ದೊಡ್ಡ ಚಮಚ ಬೆಣ್ಣೆಗೇ 100 ಕ್ಯಾಲರಿ, ಅದನ್ನೂ ಬರೆದುಕೊಳ್ತಿದೀವಿ. ಬರೀ ಮಂಡಕ್ಕಿ ಪರವಾಗಿಲ್ಲ, ಎಣ್ಣೆ ಕುಡಿಯೋದು ಮಿರ್ಚಿ.

ಒಂದು ತಿಂಗಳಲ್ಲಿ ಸೊಂಟ ಒಂದೂವರೆ ಇಂಚು ಇಳಿದಿದೆ, ತೂಕ ಒಂದೇ ಕೆಜಿ. ಅಲ್ಲಿವರೆಗೂ ಸರಿ. ಆದ್ರೆ ಎರಡು ವಾರದಿಂದ 70 ಕೆಜಿ ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು) ಒಂದು ಸುತ್ತಿಗೆ 8 ಸಲದಿಂದ 6ಕ್ಕೆ ಬಿದ್ದಿದೆ. ನಿದ್ದೆ 7 ಗಂಟೆ ಇದೆ.

ಕೇಳ್ಬೇಕಾಗಿರೋದು ಎರಡೇ. ಕೆನೆ ತೆಗೆದ ಹಾಲಿನ ಮೊಸರನ್ನ ಬಟ್ಟೇಲಿ ಕಟ್ಟಿ ನೀರು ಇಳಿಸಿದ್ರೆ ಆ 30 ಗ್ರಾಂ ತುಂಬುತ್ತಾ, ದಿನಕ್ಕೆ ಎಷ್ಟು ಬೇಕು? ಸ್ಕ್ವಾಟ್‌ಗೆ ಸೆಟ್ (ಸುತ್ತು) ಕಡಿಮೆ ಮಾಡೋದಾ, ಇಲ್ಲ ರಾತ್ರಿ ಅನ್ನವನ್ನ ವ್ಯಾಯಾಮಕ್ಕೆ ಮುಂಚೆ ಹಾಕೋದಾ?