ಎಂಗೇಜ್‌ಮೆಂಟ್ ಉಂಗುರ 22 ಕ್ಯಾರೆಟ್ ಚಿನ್ನದ್ದೇ ತಗೊಂಡ್ರೆ ತೊಂದ್ರೆ ಏನೇನಿದೆ?

ಹರಿಹರದ_ಹುಡುಗ:
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗ್ಳು ನನ್ನ ಎಂಗೇಜ್‌ಮೆಂಟು. ಎರಡೂ ಮನೆ ದೊಡ್ಡೋರು 22 ಕ್ಯಾರೆಟ್ಟೇ ಆಗ್ಬೇಕು, ಹುಡುಗಿ ಉಂಗುರಕ್ಕೆ ಹರಳೂ ಇರ್ಬೇಕು ಅಂತಿದಾರೆ. ನಾನು ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ, ಲೋಹ ಕೊರೆಯೋ ಮೆಷಿನ್) ಆಪರೇಟರ್, ಹುಡುಗಿ ಆಸ್ಪತ್ರೇಲಿ ಸ್ಟಾಫ್ ನರ್ಸ್. ಬೀರುವಲ್ಲಿ ಇಡೋ ಉಂಗುರ ಬೇಡ, ದಿನಾ ಹಾಕ್ಕೋಬೇಕು ಅಂತ ಇಬ್ರಿಗೂ ಆಸೆ. ಅಂಗಡೀಲಿ ಕೇಳಿದ್ರೆ ಏನೂ ಆಗಲ್ಲ ಸಾರ್ ಅಂತಾರೆ ಅಷ್ಟೇ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕುಲುಮೆ_ಮನೆ:
ನಮ್ದು ಅಕ್ಕಸಾಲಿ ಮನೆತನ, ರಿಪೇರಿಗೆ ಬರೋದ್ರಲ್ಲಿ ಉಂಗುರಾನೇ ಜಾಸ್ತಿ. 22 ಕ್ಯಾರೆಟ್ ಅಂದ್ರೆ ನೂರಕ್ಕೆ 91.6 ಭಾಗ ಚಿನ್ನ, ಉಳಿದಿದ್ದು ತಾಮ್ರ ಬೆಳ್ಳಿ, ಹಾಗಾಗಿ ಮೆತ್ತಗಿರುತ್ತೆ. ಸರ, ಓಲೆಗೆ ಅದ್ರಿಂದ ಅಷ್ಟು ತೊಂದ್ರೆ ಇಲ್ಲ, ಆದ್ರೆ ಕೈ ಅಂದ್ಮೇಲೆ ಬೈಕ್ ಹ್ಯಾಂಡಲ್, ಪಾತ್ರೆ, ಬಕೆಟ್ಟು, ಬಾಗ್ಲು ಎಲ್ಲಾ ಹಿಡೀತೀವಲ್ಲ, ಕೆಲವು ವರ್ಷಕ್ಕೆ ಅಂಗೈ ಕಡೆ ಭಾಗ ಸವೆದು ತೆಳ್ಳಗಾಗುತ್ತೆ, ದುಂಡಗಿದ್ದಿದ್ದು ಮೊಟ್ಟೆ ಆಕಾರಕ್ಕೆ ಬರುತ್ತೆ. ಹರಳು ಹಾಕ್ಸಿದ್ರೆ ಇನ್ನೂ ಕಷ್ಟ, ಹರಳು ಹಿಡ್ಕೊಂಡಿರೋ ಸಣ್ಣ ಕಾಲುಗಳು ಟವೆಲ್‌ಗೋ ಸೆರಗಿಗೋ ಸಿಕ್ಕಿ ಮೇಲೇಳುತ್ವೆ, ಹರಳು ಬಿದ್ದಿದ್ದು ಗೊತ್ತೇ ಆಗಲ್ಲ. ವಜ್ರಾನ ಹೆಚ್ಚಾಗಿ 18 ಕ್ಯಾರೆಟ್‌ನಲ್ಲಿ ಕೂರ್ಸೋದು ಇದಕ್ಕೇ. ಹರಳು ಬೇಕೇ ಬೇಕಂದ್ರೆ 18 ಕ್ಯಾರೆಟ್ ತಗೊಳ್ಳಿ, ಕಾಲು ಬೇಡ, ಸುತ್ತ ಪೂರ್ತಿ ಪಟ್ಟಿ ಕಟ್ಟಿ ತಗ್ಗಿಗೆ ಕೂರ್ಸೋಕೆ ಹೇಳಿ. ವೈಟ್ ಗೋಲ್ಡ್ ತೋರ್ಸಿದ್ರೆ ಅದ್ರಲ್ಲಿ ನಿಕಲ್ ಇದ್ಯಾ ಕೇಳಿ, ಕೆಲವ್ರಿಗೆ ಚರ್ಮ ತುರಿಸುತ್ತೆ, ಮೇಲಿನ ರೋಡಿಯಂ ಪಾಲಿಶ್ ಹೋದ್ಮೇಲೆ ಹಳದಿ ಕಾಣೋಕೂ ಶುರುವಾಗುತ್ತೆ.

ನೈಟ್_ಡ್ಯೂಟಿ:
ನಾನೂ ನರ್ಸೇ ಅಣ್ಣ. ಹರಳಿನ ಉಂಗುರ ದಿನಾ ಹಾಕೋ ಆಸೆ ಬಿಟ್ಬಿಡಿ. ಗ್ಲವ್ಸ್ ಹರಿಯುತ್ತೆ, ಉಂಗುರದ ಕೆಳಗಿನ ಚರ್ಮದಲ್ಲಿ ಕ್ರಿಮಿ ಜಾಸ್ತಿ ಉಳ್ಕೊಳ್ಳುತ್ತೆ, ಸೋಪು ಹಾಕಿ ಕೈ ತೊಳೆದ್ರೂ ಆ ಸಂದಿ ಸರಿಯಾಗಿ ಕ್ಲೀನ್ ಆಗಲ್ಲ. ಆಪರೇಷನ್ ಥಿಯೇಟರ್‌ಗೆ ಹೋಗೋವಾಗಂತೂ ತೆಗೀಲೇಬೇಕು. ಪೇಷಂಟ್ ವಿಷ್ಯ ಇದು, ಶೋಕಿಗಿಂತ ದೊಡ್ಡದು. ಅವರ ವಾರ್ಡ್‌ನಲ್ಲಿ ಸಾದಾ ಉಂಗುರಕ್ಕಾದ್ರೂ ಬಿಡ್ತಾರಾ ಮೊದ್ಲು ಅವ್ರನ್ನೇ ಕೇಳಿ, ದೊಡ್ಡೋರು ಡಿಸೈಡ್ ಮಾಡೋದು ಆಮೇಲೆ. ಇನ್ನೊಂದು, ಇನ್ನೂ ಪಾದರಸದ ಥರ್ಮಾಮೀಟರ್ ಇರೋ ಕಡೆ ಅದು ಒಡೆದು ಉಂಗುರಕ್ಕೆ ತಾಗಿದ್ರೆ ಚಿನ್ನ ಬೆಳ್ಳಗಾಗ್ಬಿಡುತ್ತೆ.

ಲೆಕ್ಕದ_ಪುಸ್ತಕ:
ದುಡ್ಡಿನ ಕಡೆನೂ ನೋಡಿ. ಮನೇಲಿ ಚಿನ್ನ ಆದ್ರೆ ದುಡ್ಡು ಎಲ್ಲೂ ಹೋಗಲ್ಲ ಅಂತಾರಲ್ಲ, ಉಂಗುರಕ್ಕೆ ಆ ಮಾತು ಅರ್ಧ ನಿಜ. 5 ಗ್ರಾಂ ಉಂಗುರಕ್ಕೆ ಮಜೂರಿ ವೇಸ್ಟೇಜ್ ಸೇರಿ ಶೇ 12 ಹಾಕಿದ್ರು ಅನ್ಕೊಳ್ಳಿ, ಅಲ್ಲೇ 0.6 ಗ್ರಾಂ ದುಡ್ಡು ಹೋಯ್ತು, ಮೇಲೆ ಶೇ 3 ಜಿಎಸ್‌ಟಿ, ವಾಪಸ್ ಕೊಡೋವಾಗ ಇವೆರಡೂ ಬರಲ್ಲ. ಸಣ್ಣ ಹರಳುಗಳಿಗಂತೂ ಎಷ್ಟೋ ಕಡೆ ಏನೂ ಕೊಡಲ್ಲ. ಬಿಲ್‌ನಲ್ಲಿ ಹರಳು ಬಿಟ್ಟು ಬರೀ ಚಿನ್ನದ ತೂಕ ಬೇರೆ ಬರೆಸ್ಕೊಳ್ಳಿ. ಉಂಗುರದ ಒಳಗಡೆ ಹಾಲ್‌ಮಾರ್ಕ್, ಅಂದ್ರೆ ಸರ್ಕಾರಿ ಗುಣಮಟ್ಟ ಸಂಸ್ಥೆ ಬಿಐಎಸ್ ಗುರುತು, 22ಕೆ916, ಆ ಒಡವೆಗೇ ಅಂತ ಕೊಡೋ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರ್ ಇರ್ಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಂಗಡೀಲೇ ಚೆಕ್ ಮಾಡಿ. 2 ಗ್ರಾಂಗಿಂತ ಕಮ್ಮಿ ಇದ್ರೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ತೀರಾ ತೆಳು ಉಂಗುರ ತಗೊಳ್ಳೋರು ಇದನ್ನ ನೆನಪಿಟ್ಕೋಬೇಕು.

ಹರಿಹರದ_ಹುಡುಗ:
ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಯಾರೂ ಹೇಳಿರ್ಲಿಲ್ಲ. ಹಂಗಾದ್ರೆ ಇಬ್ರಿಗೂ ಪ್ಲಾಟಿನಂ ತಗೊಂಡ್ರೆ?

ಕುಲುಮೆ_ಮನೆ:
ಪ್ಲಾಟಿನಂಗೂ ಗೀರು ಬೀಳುತ್ತೆ, ಆದ್ರೆ ಚಿನ್ನದಷ್ಟು ಸವೆಯಲ್ಲ, ಹರಳನ್ನೂ ಗಟ್ಟಿ ಹಿಡ್ಕೊಳ್ಳುತ್ತೆ. ತೊಂದ್ರೆ ಬರೋದು ರಿಪೇರೀಲಿ. ಚಿನ್ನ ಕರಗೋದು 1064 ಡಿಗ್ರಿಗೆ, ಪ್ಲಾಟಿನಂ 1768ಕ್ಕೆ, ನಮ್ಮಂಥ ಸಣ್ಣ ಕುಲುಮೇಲಿ ಆಗೋ ಕೆಲ್ಸ ಅಲ್ಲ. ಬೆರಳು ದಪ್ಪ ಆಗಿ ಸೈಜ್ ದೊಡ್ಡದು ಮಾಡ್ಬೇಕು ಅಂದ್ರೆ ದೊಡ್ಡ ಅಂಗಡಿಗೇ ಕೊಡ್ಬೇಕು. ಮಾರೋವಾಗಲೂ ಚಿನ್ನದಷ್ಟು ಸಲೀಸಾಗಿ ಯಾರೂ ತಗೊಳ್ಳಲ್ಲ.

ಟೂಲ್‌ರೂಮ್_ಸೀನಿಯರ್:
ತಮ್ಮಾ, ಎಲ್ರೂ ಹುಡುಗಿ ಉಂಗುರದ್ದೇ ಮಾತಾಡ್ತಿದಾರೆ, ನಿನ್ನ ಉಂಗುರದ ವಿಷ್ಯ ನಾನು ಹೇಳ್ತೀನಿ. ಚಿನ್ನ ಇರ್ಲಿ ಪ್ಲಾಟಿನಂ ಇರ್ಲಿ, ಮೆಷಿನ್ ಹತ್ರ ಉಂಗುರ ಬೇಡ. ತಿರುಗೋ ಚಕ್‌ಗೋ (ಲೋಹದ ತುಂಡು ಹಿಡ್ಕೊಳ್ಳೋ ಭಾಗ) ಅದ್ರಲ್ಲಿರೋ ಜಾಬ್‌ಗೋ (ಕೊರೀತಿರೋ ತುಂಡು) ಸಿಕ್ರೆ ಉಂಗುರ ತುಂಡಾಗೋಕೆ ಮುಂಚೆ ಬೆರಳಿನ ಚರ್ಮನೇ ಕಿತ್ಕೊಂಡು ಬರುತ್ತೆ, ಕೆಲವು ಸಲ ಬೆರಳೇ ಹೋಗುತ್ತೆ. ಲಾರಿ ಮೇಲಿಂದ ಧುಮುಕೋವಾಗ ಉಂಗುರ ಕೊಕ್ಕೆಗೆ ಸಿಕ್ರೂ ಅದೇ ಕಥೆ. ಮೆಷಿನ್ ಕರೆಂಟ್ ಪ್ಯಾನಲ್ ತೆಗ್ಯೋವಾಗಲೂ ಅಷ್ಟೇ, ಚಿನ್ನದಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತೆ, ಟರ್ಮಿನಲ್‌ಗೆ ತಾಗಿದ್ರೆ ಬೆರಳು ಸುಟ್ಟೋಗುತ್ತೆ. ಎಂಗೇಜ್‌ಮೆಂಟ್‌ಗೆ 22 ಕ್ಯಾರೆಟ್ ಸಾದಾ ಉಂಗುರ ಹಾಕ್ಕೋ, ಹಿರಿಯರಿಗೂ ಸಮಾಧಾನ. ಶಿಫ್ಟ್‌ಗೆ ಹೋಗೋವಾಗ ತೆಗೆದು ಮನೇಲೇ ಇಡು, ಪ್ಯಾಂಟ್ ಜೇಬಲ್ಲಿ ಇಟ್ಕೋಬೇಡ, ಕಳ್ದೋಗುತ್ತೆ. ದಿನಾ ಮೈಮೇಲೆ ಇರ್ಲೇಬೇಕು ಅಂದ್ರೆ ಸರಕ್ಕೆ ಪೋಣಿಸ್ಕೋಬಹುದು ಅಂತಾರೆ, ನಮ್ಮ ಕೆಲ್ಸದಲ್ಲಿ ನೇತಾಡೋ ಸರನೂ ಡೇಂಜರೇ.

ಹರಿಹರದ_ಹುಡುಗ:
ಸರಿ ಅಣ್ಣ, ಶಿಫ್ಟ್‌ಗೆ ತೆಗೆದಿಟ್ಟೇ ಹೋಗ್ತೀನಿ. ಹುಡುಗಿ ಹತ್ರನೂ ಈಗ ಮಾತಾಡ್ದೆ, ವಾರ್ಡ್‌ಗೆ ಏನೂ ಹಾಕಲ್ಲ, ಹರಳಿಂದು 18 ಕ್ಯಾರೆಟ್ಟಲ್ಲೇ ಮಾಡ್ಸಿ ಫಂಕ್ಷನ್‌ಗೆ ಹಾಕ್ಕೋತೀನಿ ಅಂದ್ರು. ಭಾನುವಾರ ಅಪ್ಪಾಜಿ ಕರ್ಕೊಂಡು ಅಂಗಡಿಗೆ ಹೋಗ್ತಿದೀನಿ, 18 ಕ್ಯಾರೆಟ್‌ಗೆ ಅವ್ರನ್ನ ಒಪ್ಪಿಸ್ಬೇಕು.